ಕುಂಟೆತ್ತಿನ ನಾಲ್ಕನೆಯ ಕಾಲು

ಹೋದ ವರ್ಷ ನೀವು ಮಡಗಾಂವದ ಪಕ್ಕದ ಫಾತೋರ್ಡಾದ ನಮ್ಮ ಮನೆಗೆ ಬಂದಿದ್ದರೆ ಅಂಗಳದಲ್ಲಿ ಒಂದು ಸೋಜಿಗವನ್ನು ಕಾಣುತ್ತಿದ್ದಿರಿ. ಹಿಂದಿನ ಮಾಲೀಕರು ನೀಲಿ ಬಣ್ಣ ಬಳಿಸಿ, ನಾಲ್ಕೂ ಮೈಗೆ ಕಮಲ ಕೆತ್ತಿಸಿ ಬಿಟ್ಟುಹೋದ ತುಳಸಿ ಕಟ್ಟೆ. ಅದರಲ್ಲಿ ಬರೀ ಮಣ್ಣು. ಪಕ್ಕದಲ್ಲೊಂದು ತುಕ್ಕು ಹಿಡಿದ ಎಣ್ಣೆ ಡಬ್ಬಿ. ಅದರಲ್ಲಿ ಮೊಳದುದ್ದ ಬೆಳೆದ ತುಳಸಿ. ಅರಮನೆ ಖಾಲಿ ಬಿಟ್ಟು ರಾಣಿ ಹೊರಗೆ ನಿಂತಿದ್ದಾಳಲ್ಲ ಎಂದು ನೆರೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಖರೆ ಹೇಳುತ್ತೇನೆ, ಆ ಡಬ್ಬಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಡಬ್ಬಿ ಅವ್ವನದು. ಧಾರವಾಡದ ಕಡೆಯಿಂದ ಬಂದು, ಮಡಗಾಂವದಲ್ಲಿ ಚಾದರದ ಅಂಗಡಿ ಇಟ್ಟು, ಈ ಮನೆ ಕೊಂಡು ಹದಿನೆಂಟು ವರ್ಷವಾಗಿದ್ದರೂ ಅವಳ ಬಾಯಲ್ಲಿ ಇದು ‘ಬಿಡಾರ’ವೇ ಹೊರತು ಮನೆಯಲ್ಲ. ಅವಳದು ಗಾಡಿ ಹೊಡೆಯುವವರ ಮನೆತನ. ಆ ಮನೆತನದಲ್ಲಿ ಒಂದು ಕಟ್ಟಳೆಯುಂಟು: ಆಕಾಶದ ಕುಂಟೆತ್ತು ನಾಲ್ಕೂ ಕಾಲೂರಿ ನಿಂತದ್ದು ಯಾವ ಅಂಗಳದಿಂದ ಕಾಣುವುದೋ ಅಲ್ಲಿ ಮಾತ್ರ ತುಳಸಿಯನ್ನು ನೆಲಕ್ಕಿಳಿಸಬೇಕು, ಅಲ್ಲಿಯವರೆಗೆ ಎತ್ತಿಕೊಂಡು ಹೋಗುವಂತಿರಬೇಕು.

ಕುಂಟೆತ್ತು ಎಂದರೆ ಏಳು ನಕ್ಷತ್ರಗಳು. ಕೊಂಬಿಗೆ ಎರಡು, ಬೆನ್ನಿನ ಡುಬ್ಬ ಹಿಣಿಲಿಗೆ ಒಂದು, ಬಾಲಕ್ಕೆ ಒಂದು, ಕಾಲಿಗೆ ಮೂರು. ನಾಲ್ಕನೆಯ ಕಾಲಿರಬೇಕಾದಲ್ಲಿ ಬರಿಯ ಕತ್ತಲೆ. ಅವ್ವನ ಅಜ್ಜ ಮೆಣಸಿನಕಾಯಿ ಹೇರಿಕೊಂಡು ಘಟ್ಟ ಇಳಿಯುವಾಗ, ಮೊಲೆಂನ ಕಾಡಿನಲ್ಲಿ ಹಾದಿ ಕವಲೊಡೆದಲ್ಲಿ ತಲೆಯೆತ್ತಿ ಅದನ್ನೇ ಹುಡುಕುತ್ತಿದ್ದನಂತೆ. ಅದರ ಮುಖ ಸದಾ ಕಡಲಿಗೆ. ಹೋಗುವಾಗ ಕೊಂಬಿನ ದಿಕ್ಕು ಹಿಡಿಯಬೇಕು. ಉಪ್ಪು ತೆಂಗಿನಕಾಯಿ ತುಂಬಿಕೊಂಡು ಮರಳುವಾಗ ಬಾಲದ ದಿಕ್ಕು. ಕತೆಯೂ ಇದೆ: ಘಟ್ಟದಲ್ಲಿ ಕಾಲು ಮುರಿದುಕೊಂಡ ಎತ್ತನ್ನು ಬಿಟ್ಟುಹೋಗಲು ಒಪ್ಪದೆ ಗಾಡಿಯವನೊಬ್ಬ ಅಲ್ಲೇ ಕೂತುಬಿಟ್ಟನಂತೆ. ಶಿವ ಮೆಚ್ಚಿ ಎತ್ತನ್ನು ಆಕಾಶಕ್ಕೇರಿಸಿದ, ಅವಸರದಲ್ಲಿ ಕಾಲು ಸರಿಮಾಡುವುದನ್ನು ಮರೆತ. ದೇವರ ಕೆಲಸವೂ ಕೆಲವೊಮ್ಮೆ ನಮ್ಮ ಅಂಗಡಿಯ ದರ್ಜಿಯ ಕೆಲಸದಂತೆಯೇ ಇರುತ್ತದೆ.

ತಮಾಷೆಯೆಂದರೆ, ನಮ್ಮ ಓಣಿಯ ಮೀನುಗಾರರಿಗೆ ಅದೇ ಏಳು ನಕ್ಷತ್ರಗಳು ಹುಟ್ಟು ಕಳೆದುಕೊಂಡ ದೋಣಿ. ಅದು ನೆತ್ತಿಗೇರುವ ತಿಂಗಳಲ್ಲಿ ಗಾಳಿ ನೆಲದಿಂದ ಬೀಸುತ್ತದೆಂದು ಅವರ ಲೆಕ್ಕ. ಪಂಚಾಂಗದ ಪಂಡಿತರಿಗೆ ಇದಾವುದೂ ಗೊತ್ತಿಲ್ಲ. ಗೆಳೆಯರೇ, ಆಕಾಶವೆಂಬುದು ಬಹುಶಃ ನಾವು ನಮ್ಮ ನಮ್ಮ ಕೊಟ್ಟಿಗೆಯ, ದಂಡೆಯ ಸಾಮಾನನ್ನು ಇಟ್ಟುಕೊಳ್ಳುವ ಅಟ್ಟ. ನನಗೆ ಮಾತ್ರ ಆ ಅಟ್ಟದ ಮೇಲೆ ಸಿಟ್ಟಿತ್ತು. ದುಡಿದು ಕಟ್ಟಿದ ಗೂಡನ್ನು ಹೆತ್ತ ತಾಯಿ ಒಮ್ಮೆಯಾದರೂ ‘ನಮ್ಮ ಮನಿ’ ಎನ್ನಲಿ ಎಂದು ಹದಿನೆಂಟು ವರ್ಷ ಕಾದವನಿಗೆ ಅಷ್ಟು ಸಿಟ್ಟೂ ಬೇಡವೇ?

ಕಳೆದ ಕಾರ್ತಿಕದಲ್ಲಿ, ತುಳಸಿ ಲಗ್ನದ ಹಿಂದಿನ ಸಂಜೆ, ದೀಪ ಹಚ್ಚಲು ಅಂಗಳಕ್ಕಿಳಿದ ಅವ್ವ ಕೂಗಿದಳು: “ತಮ್ಮಾ, ಲಗೂನ ಬಾರೋ! ಎತ್ತು ನಿಂತೈತಿ!” ಓಡಿಹೋಗಿ ನೋಡಿದೆ. ಮೂಡಣ ಗುಡ್ಡದ ಮೇಲೆ ಕುಂಟೆತ್ತು ಆಗಷ್ಟೇ ಮೂಡಿತ್ತು, ನಾಲ್ಕು ಕಾಲೂರಿ! ನಾಲ್ಕನೆಯದು ಸ್ವಲ್ಪ ಕೆಂಪು. ಅವ್ವ ಕೈಮುಗಿದು ಅಳುತ್ತಿದ್ದಳು. “ನಾಳೆ ಕಟ್ಟಿಯೊಳಗ ತುಳಸಿ ಹಚ್ಚೂಣು,” ಎಂದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಮಗಿಬ್ಬರಿಗೂ ಗೊತ್ತಿತ್ತು: ಅದು ಹಿಂದಿನ ವಾರ ಗುಡ್ಡದ ಮೇಲೆ ಎಬ್ಬಿಸಿದ ಮೊಬೈಲ್ ಟವರಿನ ದೀಪ. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಎತ್ತು ಮೇಲೇರಿತು. ಕಾಲು ಗುಡ್ಡದ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಅವ್ವ ಒಳಗೆ ಹೋಗಿ ಅಕ್ಕಿ ಆರಿಸುತ್ತಿದ್ದಳು.

ಸುಮ್ಮನಿದ್ದರೆ ನಾನು ಬಯಸಿದ್ದು ಸಿಗುತ್ತಿತ್ತು. ಆದರೆ ಮರುದಿನ ಅವಳು ಡಬ್ಬಿಯ ಮುಂದೆ ಕೂತು, ಬೇರಿಗೆ ನೋವಾಗದಂತೆ ಬೆರಳಿನಿಂದ ಮಣ್ಣು ಸಡಿಲಿಸುವುದನ್ನು ಕಂಡಾಗ ನನಗೆ ತಡೆಯಲಾಗಲಿಲ್ಲ. ಅವಳ ನಂಬಿಕೆಯನ್ನು ಕದ್ದು ನನ್ನ ಮನೆಗೆ ಹೆಸರು ಪಡೆಯುವುದೇ? ಹೇಳಿಬಿಟ್ಟೆ. ಅವ್ವನ ಕೈ ನಿಂತಿತು.

“ಆ ದೀಪಾ ದಿನಾ ಹತ್ತತೈತೇನು?”

“ಹೌದವ್ವ.”

“ಕರೆಂಟ್ ಹೋದ್ರ?”

“ಬ್ಯಾಟರಿ ಐತಿ. ಆರಂಗಿಲ್ಲ.”

ಅವ್ವ ಗುಡ್ಡದ ಕಡೆ ತಿರುಗಿ ನೋಡಿದಳು. ಆಮೇಲೆ ನಕ್ಕಳು. “ಶಿವಾ ಮರತದ್ದನ್ನ ಈ ಊರವ್ರು ಮಾಡ್ಯಾರ ನೋಡು. ಇಷ್ಟು ದಿನಾ ನಾ ಮ್ಯಾಲೇ ನೋಡಿಕೋತ ಕುಂತಿದ್ದೆ. ಕುಂಟ ಎತ್ತಿಗೆ ಕಾಲು ಕೊಟ್ಟ ಊರು ಬಿಟ್ಟು ಎಲ್ಲಿಗೆ ಹೋಗೂದೋ? ಹಿಡಿ, ಡಬ್ಬಿ ಓರಿ ಮಾಡು.”

ತುಳಸಿ ಈಗ ಕಟ್ಟೆಯಲ್ಲಿ ಸೊಂಟದೆತ್ತರ ಬೆಳೆದಿದೆ. ಡಬ್ಬಿಯನ್ನು ಎಸೆಯಲು ಹೊರಟವನನ್ನು ಅವ್ವ ತಡೆದಳು. ಸಂಜೆ ಅದನ್ನು ಬೋರಲು ಹಾಕಿ ಅದರ ಮೇಲೆ ಕೂತು ಗುಡ್ಡ ನೋಡುತ್ತಾಳೆ. ಪಕ್ಕದ ಮನೆಯವರು ದೋಣಿ ಎಂದರೆ ಎತ್ತೆಂದು ವಾದಿಸುತ್ತಾಳೆ. ನಿನ್ನೆ ಊರಿನಿಂದ ಚಿಕ್ಕಮ್ಮನ ಫೋನ್ ಬಂದಿತ್ತು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ, ನಾಚಿಕೆ ಬಿಟ್ಟು. ಅವ್ವ ಡಬ್ಬಿಯ ಮೇಲೆ ಕೂತು ಗಟ್ಟಿಯಾಗಿ ಹೇಳುತ್ತಿದ್ದಳು: “ನೀನ ಬಾರವ್ವ ಈ ಸಲ, ನಮ್ಮ ಮನಿಗೆ.”