ಪ್ಯಾಸೇಜಿನ ಗೆರೆ

ಸೀಮೆಎಣ್ಣೆ ಬೆರೆಸಿದ ಆಯಿಲ್ ಪೇಂಟಿನ ವಾಸನೆ ಈಗ ಅಪರೂಪ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತು ಎಷ್ಟೋ ವರ್ಷವಾಯಿತು. ಪೇಂಟಿಗೂ ಈಗ ವಾಸನೆಯೇ ಇಲ್ಲದಂತೆ ಮಾಡಿಬಿಟ್ಟಿದ್ದಾರೆ. ಆದರೆ ಹೋದ ಬೇಸಿಗೆ ರಜೆಯಲ್ಲಿ, ನಾನು ಪಾಠ ಹೇಳುವ ಅತ್ತಿಬೆಲೆಯ ಶಾಲೆಗೆ ಒಂದು ಹಾಜರಿ ಪುಸ್ತಕ ತರಲು ಹೋದಾಗ, ನಮ್ಮ ಜವಾನ ಎಲ್ಲಿಂದಲೋ ಅರ್ಧ ಬಾಟಲಿ ಸೀಮೆಎಣ್ಣೆ ಸಂಪಾದಿಸಿ ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ತಲೆ ಸುತ್ತು ಬಂತಾ ಮೇಡಂ, ನೀರ್ ತರ್ಲಾ?" ಅಂದ. ಬೇಡ ಅಂದೆ. ಮೂಗಿಗೆ ಸೆರಗು ಹಿಡಿದು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ಸತ್ತವರು ಬಂದು ಪಕ್ಕದಲ್ಲಿ ಕೂರುತ್ತಾರೆ, ಎದ್ದು ಹೋಗಿ ಅನ್ನುವುದಕ್ಕೆ ನಮಗೆ ಮನಸ್ಸು ಬರುವುದಿಲ್ಲ.

ನಮ್ಮ ಮನೆ ಪೀಣ್ಯದಲ್ಲಿ, ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿತ್ತು. ಮೆಟ್ರೊ ಕಂಬಗಳು ಏಳುವುದಕ್ಕೆ ಸ್ವಲ್ಪ ಮುಂಚಿನ ಮಾತು. ತಾತ ಕಟ್ಟಿಸಿದ ಮನೆ: ಒಂದರ ಹಿಂದೆ ಒಂದರಂತೆ ಮೂರು ಕೋಣೆ, ಅವುಗಳ ಮಗ್ಗುಲಲ್ಲಿ ಬೀದಿ ಬಾಗಿಲಿನಿಂದ ಬಚ್ಚಲಿನವರೆಗೆ ಉದ್ದಕ್ಕೆ ಹೋಗುವ ಪ್ಯಾಸೇಜು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಗೋಡೆಗೆ ತಾತನ ಕಾಲದ ಸುಣ್ಣ. ಮುಟ್ಟಿದರೆ ಕೈಗೆ ಬರುತ್ತಿತ್ತು. ನಮ್ಮ ಮನೆಗೆ ಬಂದು ಹೋದವರನ್ನು ಬೀದಿಯವರು ಭುಜ ನೋಡಿಯೇ ಗುರುತು ಹಿಡಿಯುತ್ತಿದ್ದರು. ಹಿತ್ತಲ ಗೋಡೆಯಾಚೆ ಪವರ್ ಪ್ರೆಸ್ಸುಗಳ ಶೆಡ್ಡು. ಬೆಳಗಿನಿಂದ ಧಡ್, ಧಡ್ ಎಂದು ತಗಡು ಕತ್ತರಿಸುವ ಸದ್ದು, ಅದಕ್ಕೆ ತಕ್ಕಂತೆ ನಮ್ಮ ಅಡುಗೆಮನೆಯ ತಟ್ಟೆ ಲೋಟಗಳ ಗಲಗಲ. ಭಾನುವಾರ ಆ ಸದ್ದು ಇಲ್ಲದಿದ್ದರೆ ನನಗೆ ಮನೆ ಮನೆಯಂತೆಯೇ ಇರುತ್ತಿರಲಿಲ್ಲ.

ಅಂಥದೇ ಒಂದು ಪ್ರೆಸ್ಸಿನಲ್ಲಿ ಅಪ್ಪನ ಬಲಗೈಯ ನಡುವಿನ ಮೂರು ಬೆರಳು ಹೋದಾಗ ನಾನು ಐದನೇ ಕ್ಲಾಸು. ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಮೊದಮೊದಲು ಅಪ್ಪ ಅದನ್ನೂ ತಮಾಷೆ ಮಾಡುತ್ತಿದ್ದ. "ಏಡಿ ಬಂತು ನೋಡು," ಎಂದು ಆ ಎರಡು ಬೆರಳಲ್ಲಿ ನನ್ನ ಕೆನ್ನೆ ಹಿಡಿದು ಜಗ್ಗುತ್ತಿದ್ದ. ಕಾರ್ಖಾನೆಯವರು ಗಾಯ ಮಾಯಲಿ, ಆಮೇಲೆ ಬಾ ಎಂದರು, ಮಾಯ್ದ ಮೇಲೆ ಬೇಡ ಎಂದರು. ಅಮ್ಮ ಗಾರ್ಮೆಂಟ್ಸಿಗೆ ಹೋಗತೊಡಗಿದಳು. ಅಪ್ಪ ಮನೆಯಲ್ಲಿ ಕಸ ಗುಡಿಸಿ, ಅನ್ನಕ್ಕಿಟ್ಟು, ನನಗೆ ಎಡಗೈಯಲ್ಲಿ ಜಡೆ ಹಾಕಲು ಕಲಿತ. ಜಡೆ ಸೊಟ್ಟಗಾಗುತ್ತಿತ್ತು, ನಾನು ಸ್ಕೂಲಿನ ತಿರುವಿನಲ್ಲಿ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದೆ. ಒಂದು ವರ್ಷ ಹೀಗೇ ಕಳೆಯಿತು. ತಮಾಷೆ ಕಡಿಮೆಯಾಯಿತು. ಯಾರಾದರೂ ಬಂದರೆ ಅಪ್ಪ ಬಲಗೈ ಮೇಲೆ ಟವೆಲ್ ಹಾಕಿಕೊಂಡು ಕೂರುತ್ತಿದ್ದ, ಕೆಲಸದ ಮಾತು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ.

ಆಗ ಬಂದವನು ಗಂಗಣ್ಣ ಮೇಸ್ತ್ರಿ. ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವನು, ಅದೇ ಬೀದಿಯಲ್ಲಿ ಆಡಿ ಬೆಳೆದವನು. ವೈಟ್‌ಫೀಲ್ಡ್ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಹೊಡೆಸುವ ಗುತ್ತಿಗೆ ಹಿಡಿದಿದ್ದ. ಅಪ್ಪನಿಗೊಂದು ಕೆಲಸ ಕೊಡು ಎಂದು ಅಮ್ಮನೇ ಹೋಗಿ ಕೇಳಿಕೊಂಡಿದ್ದಳಂತೆ. ಪ್ಯಾಸೇಜಿನಲ್ಲಿ ನಿಂತು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿ ಅಂದ: "ಪಾಪ ಅಂತ ಕರ್ಕೊಂಡೋಗಕ್ಕಾಗಲ್ಲ ಕಣೋ. ಇದನ್ನ ಹೊಡ್ದು ತೋರ್ಸು. ಕೆಳಗೆ ಆಯಿಲ್ ಪೇಂಟು, ಮೇಲೆ ಡಿಸ್ಟೆಂಪರ್ರು, ಎರಡೂ ಸೇರೋ ಕಡೆ ಒಂದ್ ಬೆರಳಗಲ ಕರಿ ಗೆರೆ. ಟೇಪ್ ಅಂಟ್ಸಂಗಿಲ್ಲ, ಕೈಯಾಗೇ ಎಳೀಬೇಕು. ಆ ಗೆರೆ ನೋಡಿ ಹೇಳ್ತೀನಿ." ತನ್ನ ಕಡೆಯ ಡಬ್ಬಗಳಲ್ಲಿ ಮಿಕ್ಕಿದ್ದ ಬಣ್ಣವನ್ನೇ ಕಳಿಸಿಕೊಟ್ಟ.

ಬೇಸಿಗೆ ರಜೆ. ಅಪ್ಪ, ಅಮ್ಮನ ಹಳೇ ಸೀರೆಯ ಅಂಚು ಹರಿದು, ಕೆರೆಯುವ ತಗಡನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಎರಡು ದಿನ ಸುಣ್ಣ ಕೆರೆದ. ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ತಾತನ ಹಾಗೆ ಕಾಣುತ್ತಿದ್ದ. ರೋಲರನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆನೆ ಬಣ್ಣ ಹೊಡೆದ, ಕೆಳಗೆ ಸೀಮೆಎಣ್ಣೆ ಬೆರೆಸಿ ಕಂದು ಬಣ್ಣ ಬಳಿದ. ಚೆನ್ನಾಗಿಯೇ ಆಯಿತು. ಊಟಕ್ಕೆ ಕೂತರೆ ಅನ್ನಕ್ಕೂ ಸೀಮೆಎಣ್ಣೆಯ ವಾಸನೆ, ಆದರೂ ಅಪ್ಪ ಮತ್ತೆ ಮಾತಾಡತೊಡಗಿದ್ದ, ಹಾಡಿಕೊಳ್ಳುತ್ತಿದ್ದ. ಗೆರೆಯೊಂದು ಉಳಿದಿತ್ತು. ನೀಲಿ ಪುಡಿ ಹಚ್ಚಿದ ದಾರವನ್ನು ಗೋಡೆಯುದ್ದಕ್ಕೆ ಬಿಗಿಹಿಡಿದು ಮೀಟಿ ಗುರುತು ಮಾಡಿದೆವು. ಅಪ್ಪ ಹೆಬ್ಬೆರಳು ಕಿರುಬೆರಳ ನಡುವೆ ಬ್ರಷ್ ಸಿಕ್ಕಿಸಿಕೊಂಡು ಎಳೆದ. ಒಂದು ಮಾರು ಹೋಗುವುದರೊಳಗೆ ಗೆರೆ ಡೊಂಕಾಯಿತು. ಬಟ್ಟೆಯಲ್ಲಿ ಒರೆಸಿ ಎಡಗೈಯಲ್ಲಿ ಎಳೆದ. ಇನ್ನೂ ಕೆಟ್ಟಿತು. ಮತ್ತೆ ಒರೆಸಿದ. ಸಂಜೆ ಅಮ್ಮ ಕೆಲಸದಿಂದ ಬಂದು ಆ ಕಲೆಗಳನ್ನು ನೋಡಿ, ಅಕ್ಕಿ ತೊಳೆಯಲು ಹೋದಳು.

ಮಾರನೆಯ ದಿನ ಅಮ್ಮ ಹೊರಟ ಮೇಲೆ ಅಪ್ಪ ನನ್ನನ್ನು ಕರೆದ. ಕಲೆಗಳ ಮೇಲೆ ಇನ್ನೊಂದು ಸಲ ಬಣ್ಣ ಹೊಡೆದು ಒಣಗಿಸಿದ್ದ. "ಸ್ಕೂಲಲ್ಲಿ ಡ್ರಾಯಿಂಗಿಗೆ ಪ್ರೈಜ್ ತಗೊಂಡಿದ್ದೀಯಲ್ಲ, ಬಾವ್ವ ಇಲ್ಲಿ," ಅಂದ. ಗೆರೆ ಸರಿಯಾಗಿ ನನ್ನ ಎದೆಯೆತ್ತರಕ್ಕಿತ್ತು. ಅಪ್ಪ ಡಬ್ಬ ಹಿಡಿದು ಹೆಜ್ಜೆ ಹೆಜ್ಜೆಗೂ ಪಕ್ಕದಲ್ಲೇ ಸರಿಯುತ್ತ ಬಂದ. "ಉಸ್ರು ಹಿಡ್ಕೊ. ಎಳಿ. ಹಾಂ, ಈಗ ಬಿಡು." ಎರಡೂ ಗೋಡೆ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಶಿಫ್ಟಿನ ಸೈರನ್ ಕೂಗಿತು. ನನ್ನ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಇದನ್ನು ಯಾರಿಗೂ ಹೇಳಬೇಡ ಎಂದು ಅಪ್ಪ ಅನ್ನಲಿಲ್ಲ. ಹಾಗೆ ಅನ್ನುವುದಕ್ಕೆ ನಾಚಿಕೆಯಾಯಿತೋ, ನನಗೇ ಗೊತ್ತಾಗುತ್ತದೆ ಅಂದುಕೊಂಡನೋ, ಕೇಳುವುದಕ್ಕೆ ಈಗ ಅವನಿಲ್ಲ.

ಭಾನುವಾರ ಮೇಸ್ತ್ರಿ ಬಂದ. ಬೀದಿ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಯಾವ್ ಕೈಯಲ್ಲಿ ಎಳ್ದೋ?"

"ಎಡಗೈಲಿ ಕಣಣ್ಣ," ಅಂದ ಅಪ್ಪ.

"ನಮ್ ಹುಡುಗ್ರು ಬಲಗೈಲೂ ಇಂಗೆ ಎಳ್ಯಲ್ವಲ್ಲೋ! ನಾಳೆಯಿಂದ್ಲೇ ಬಂದ್ಬಿಡು."

ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅಮ್ಮನ ಮುಖ ನನಗೆ ಇವತ್ತೂ ಕಾಣುತ್ತದೆ. ಅವಳು ಅಷ್ಟು ನಕ್ಕಿದ್ದನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ. ನಾನು ಕಾಯುತ್ತಿದ್ದೆ. ಅಪ್ಪ ಈಗ ನನ್ನ ಹೆಸರು ಹೇಳುತ್ತಾನೆ, ಮೇಸ್ತ್ರಿ ನನ್ನ ಬೆನ್ನು ತಟ್ಟುತ್ತಾನೆ ಎಂದು. ಅಪ್ಪ ಹೇಳಲಿಲ್ಲ. ಹನ್ನೊಂದು ವರ್ಷದವಳಿಗೆ ಬುದ್ಧಿ ಇರುವುದಿಲ್ಲ ಎಂದು ನೀವು ಸಮಾಧಾನ ಹೇಳಬೇಡಿ. ಆ ಕೆಲಸ ನಮಗೆ ಎಷ್ಟು ಬೇಕಾಗಿತ್ತು ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಂದೆ: "ಸುಳ್ಳು. ಎಳ್ದಿದ್ದು ನಾನು."

ಮೇಸ್ತ್ರಿ ಮೊದಲು ನಕ್ಕ. ಆಮೇಲೆ ಅಪ್ಪನ ಮುಖ ನೋಡಿದ. ಡಬ್ಬದ ಮೇಲಿದ್ದ ಬ್ರಷ್ ಎತ್ತಿ ಮುಂದೆ ಹಿಡಿದು, "ಒಂದ್ ಗೇಣು ಎಳಿ ನೋಡನ," ಅಂದ. ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. "ಬೇಡ ಬಿಡಣ್ಣ. ಮಗು ಹೇಳಿದ್ದು ನಿಜ," ಅಂದ. ಮೇಸ್ತ್ರಿ ಬ್ರಷ್ಷನ್ನು ಮೆಲ್ಲಗೆ ಕೆಳಗಿಟ್ಟ. "ಗೆರೆದಲ್ಲ ಕಣೋ ಮಾತು. ಅಲ್ಲಿ ಎಂಟನೇ ಮಾಡೀಲಿ ಅಗ್ಗ ಇಡ್ಕೊಂಡು ನೇತಾಡ್ಬೇಕು. ನೀನ್ ಬಿದ್ರೆ ನಿನ್ ಎಂಡ್ತಿಗೆ ನಾನ್ ಏನ್ ಏಳ್ಲಿ?" ಕಾಫಿ ಕುಡಿದು, ಲೋಟವನ್ನು ತಾನೇ ಬಚ್ಚಲಲ್ಲಿಟ್ಟು ಹೋದ. ಅವನು ಕೆಟ್ಟವನಲ್ಲ. ಅವನು ಹೇಳಿದ್ದು ಸರಿಯೇ ಇರಬಹುದು. ಎಷ್ಟೋ ಸಲ ನಾನು ಅದನ್ನೇ ಹಿಡಿದುಕೊಂಡು ನಿದ್ದೆ ಮಾಡಿದ್ದೇನೆ.

ಅಮ್ಮ ಹೊಡೆಯಲಿಲ್ಲ, ಆದರೆ ಅನೇಕ ದಿನ ನನ್ನ ಜೊತೆ ಮಾತಾಡಲಿಲ್ಲ. ಅಪ್ಪ ಮಾತ್ರ ಅಂದೇ ಸಂಜೆ ಹಿತ್ತಲಲ್ಲಿ ನನ್ನ ಪಕ್ಕ ಬಂದು ಕೂತು, "ನಿನ್ ಕೆಲ್ಸಾನ ನಂದು ಅಂದ್ಬಿಟ್ಟೆ. ತಪ್ಪಾಯ್ತು ಕಣವ್ವ," ಅಂದ. ನಾನು ದೊಡ್ಡವಳ ಹಾಗೆ, "ಹೋಗ್ಲಿ ಬಿಡು," ಅಂದೆ.

ಆಮೇಲೆ ಅಪ್ಪನಿಗೆ ಸಿಕ್ಕಿದ್ದು ಮಾರತ್ತಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವ ಕೆಲಸ. ಎರಡು ಬಸ್ಸು ಬದಲಿಸಿ ಹೋಗಬೇಕು, ಹನ್ನೆರಡು ಗಂಟೆ ನಿಂತಿರಬೇಕು. ಬರುವ ಕಾರಿಗೆಲ್ಲ ಸೆಲ್ಯೂಟ್ ಹೊಡೆಯಬೇಕು. ಆ ಕೈ ನೋಡಿ ಮಕ್ಕಳು ಹೆದರುತ್ತವೆ ಎಂದು ಯಾರೋ ದೂರು ಕೊಟ್ಟ ಮೇಲೆ ಕೈಗೆ ಬಿಳೀ ಗ್ಲೌಸ್ ಹಾಕಿಕೊಳ್ಳಲು ಹೇಳಿದರು. ಗ್ಲೌಸಿನ ಖಾಲಿ ಬೆರಳುಗಳಿಗೆ ಅಮ್ಮ ಹತ್ತಿ ತುಂಬಿ ಹೊಲಿದುಕೊಟ್ಟಳು. ಹಾಗೆ ಒಂಬತ್ತು ವರ್ಷ ನಿಂತು, ನಾನು ಬಿ.ಎಡ್. ಓದುವಾಗ, ಗೇಟಿನ ಹತ್ತಿರವೇ ಎದೆ ಹಿಡಿದುಕೊಂಡು ಕುಸಿದ. ಮನೆಯನ್ನು ಆಮೇಲೆ ಮಾರಿದೆವು. ಅಲ್ಲೀಗ ಯಾರದೋ ಗೋಡೌನು ಇದೆ. ಗೋಡೆ ಹೋದದ್ದಕ್ಕೆ ನನಗೆ ಅಷ್ಟೊಂದು ಸಂಕಟವಿಲ್ಲ.

ಅಪ್ಪನನ್ನು ಬೀದಿಯಲ್ಲಿ ಮಲಗಿಸಿದ್ದ ದಿನ, ಅವನ ಜೊತೆ ಗೇಟು ಕಾಯುತ್ತಿದ್ದ ರಾಯಚೂರು ಕಡೆಯ ಒಬ್ಬ ಮುದುಕ ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದ. ಹಾರ ಹಾಕಿ, ನನ್ನನ್ನು ಹುಡುಕಿಕೊಂಡು ಬಂದು ನಿಂತ. "ನಿಮ್ ಸುದ್ದಿ ಭಾಳ ಹೇಳ್ತಿದ್ರವ್ವ," ಅಂದ. "ನನ್ ಮಗಳು ಅಂದ್ರ ಸತ್ಯವಂತಿ, ಸಣ್ಣಾಕಿ ಇದ್ದಾಗೂ ಯಾರ ಮುಂದೂ ಒಂದ್ ಸುಳ್ಳ ಹೇಳಲಿಲ್ಲ ಅಂತಿದ್ರು. ಬಂದವರಿಗೆಲ್ಲ ಅದನ್ನ ಹೇಳ್ತಿದ್ರು. ಖರೇನವ್ವಾ?"

ಜನ ಕೇಳಿಸಿಕೊಳ್ಳುತ್ತಿದ್ದರು. ಅಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಹೌದು ಎಂದೆ.