ತೀರಿಸಬಾರದಿದ್ದ ಸಾಲ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಸೊಳ್ಳೆ ಎಂದೇ ಕರೆಯುತ್ತಿದ್ದರು. ಬೈಯಲೆಂದು ಇಟ್ಟ ಹೆಸರಲ್ಲ, ಮೆಚ್ಚಿ ಇಟ್ಟದ್ದು. ಸೂಜಿ ಒಳಗೆ ಹೋದದ್ದೇ ಗೊತ್ತಾಗದ ಹಾಗೆ ರಕ್ತ ತೆಗೆಯುವ ಕೈ ಅವಳದು. ಚುಚ್ಚಿಸಿಕೊಳ್ಳುವವರು ಇನ್ನೂ ಮುಖ ಕಿವುಚಿ ಕಾಯುತ್ತಿರುವಾಗಲೇ ಅವಳು ಹತ್ತಿ ಒತ್ತಿ, "ಆಯ್ತಜ್ಜಿ, ಕೈ ಮಡಚ್ಕೊಳ್ಳಿ" ಎನ್ನುತ್ತಿದ್ದಳು. ಇಪ್ಪತ್ತಮೂರರ ವಯಸ್ಸು, ಕಡ್ಡಿಯಂಥ ಮೈ, ನಾಲಿಗೆ ಮಾತ್ರ ಚುರುಕು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ.

ತೆಗೆಯುವುದು ಸುಲಭ, ಮುಟ್ಟಿಸುವುದೇ ಪ್ರಾಣಸಂಕಟ. ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರಬೇಕು. ಕಂಡಕ್ಟರು "ಒಳಗಿರೋದು ಮೀನೇನಮ್ಮ?" ಎಂದು ಕೇಳುತ್ತಿದ್ದ. ರಕ್ತ ಎಂದರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಕಾಲು ಚಾಚಿ ಕೂರಲು ಜಾಗ ಸಿಗುತ್ತಿತ್ತಲ್ಲ, ಅದೊಂದೇ ಲಾಭ. ಒಮ್ಮೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ತಂದ ರಕ್ತವೆಲ್ಲ ಹಾಳಾಗಿ, ಮರುದಿನ ಅದೇ ಮನೆಗಳಿಗೆ ಹೋಗಿ ಮತ್ತೆ ತೋಳು ಕೇಳಬೇಕಾಯಿತು. "ನನ್ನ ಮೈಯಲ್ಲೇನು ನಲ್ಲಿ ಇದೆಯೇನಮ್ಮ?" ಎಂದು ಒಬ್ಬ ಮುದುಕ ಕೇಳಿದ.

ಹೀಗಿರುವಾಗ ಲ್ಯಾಬಿನ ಮೇಡಂ ಅವಳನ್ನು ಒಳಗೆ ಕರೆದರು. ಊರಾಚೆ ಎದ್ದಿರುವ ಹೊಸ ಬಡಾವಣೆಗಳ ರೂಟು ಪೂರ್ತಿ ಅವಳಿಗೆ, ಸಂಬಳ ಈಗಿನದರ ಎರಡರಷ್ಟು. "ಆದ್ರೆ ಸ್ವಂತ ಕಾರು ಇರ್ಬೇಕು. ವರ್ಷದ ಕೊನೆವರೆಗೂ ನಿಂಗೋಸ್ಕರ ಹಿಡ್ಕೊಂಡಿರ್ತೀನಿ. ಆಮೇಲೆ ನನ್ನ ಕೇಳ್ಬೇಡ" ಎಂದರು.

ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಾಗಿಲು ಸ್ವಲ್ಪ ನೆಗ್ಗಿದ ಒಂದು ಹಳೆಯ ಬೂದು ಕಾರನ್ನು ನೋಡಿಟ್ಟು ಸೀದಾ ಬ್ಯಾಂಕಿಗೆ ಹೋದಳು. ಅಲ್ಲಿ ಟೈ ಕಟ್ಟಿದ ಒಬ್ಬ ಹುಡುಗ, ಹೆಚ್ಚೆಂದರೆ ಅವಳದೇ ವಯಸ್ಸಿನವನು, ಕಂಪ್ಯೂಟರನ್ನು ನೋಡಿ ತುಟಿ ಉಬ್ಬಿಸಿದ.

"ಮೇಡಂ, ನಿಮ್ಮ ಹೆಸರಲ್ಲಿ ಏನೂ ಇಲ್ವಲ್ಲ."

"ಒಂದು ಪೈಸೆ ಸಾಲ ಇಲ್ಲ. ಒಳ್ಳೇದೇ ಅಲ್ವಾ?"

"ಅದೇ ತೊಂದ್ರೆ. ಸಾಲ ಮಾಡಿ ತೀರ್ಸಿದ್ರೆ ತಾನೇ ನೀವು ತೀರ್ಸೋರು ಅಂತ ನಮಗೆ ಗೊತ್ತಾಗೋದು? ಮೊದ್ಲು ಒಂದು ಫ್ರಿಜ್ಜೋ ಟಿವಿಯೋ ಕಂತಿನಲ್ಲಿ ತಗೊಳ್ಳಿ. ತಿಂಗಳು ತಿಂಗಳು ತಪ್ಪದೆ ಕಟ್ಟಿ. ವರ್ಷದ ಕೊನೇಲಿ ಬನ್ನಿ, ಮಾಡ್ಕೊಡೋಣ."

ಸಾಲ ಬೇಕಾದರೆ ಸಾಲ ಮಾಡಿರಬೇಕು. ಲೋಕದ ನ್ಯಾಯ ಹಾಗಿದ್ದರೆ ಹಾಗೇ ಆಗಲಿ ಎಂದು ಅವಳು ಒಪ್ಪಿದಳು. ಒಪ್ಪದವನು ಮನೆಯಲ್ಲಿದ್ದ.

ಅವಳ ಅಪ್ಪ ಬಡಗಿ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ಅವನು ಚಿಕ್ಕವನಿದ್ದಾಗ, ಅವನ ಅಪ್ಪನಿಗೆ ಸಾಲ ಕೊಟ್ಟವರು ಬಂದು ಮನೆಯಲ್ಲಿ ಒಯ್ಯಲು ಬೇರೇನೂ ಸಿಗದೆ ಬಾಗಿಲನ್ನೇ ಕಳಚಿಕೊಂಡು ಹೋಗಿದ್ದರಂತೆ. ಮಳೆಗಾಲವೆಲ್ಲ ಬಾಗಿಲಿಲ್ಲದ ಮನೆಯಲ್ಲಿ ಅವನ ಅಮ್ಮ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದಳಂತೆ. ಅಂದಿನಿಂದ ಅವನು ಯಾರ ಮುಂದೆಯೂ ಕೈಚಾಚಿದವನಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಿದ್ದರೆ ಸಾಮಾನು ಅಲ್ಲೇ ಬಿಟ್ಟು ಮನೆಗೆ ಬಂದು ದುಡ್ಡು ತೆಗೆದುಕೊಂಡು ಹೋಗುವ ಗಂಡಸು. ಇರುವುದೆಲ್ಲ ಬಿಟ್ಟು ಇದೊಂದನ್ನೇ ಆಸ್ತಿ ಎಂದುಕೊಂಡಿದ್ದ, ಪುಣ್ಯಾತ್ಮ.

ಫ್ರಿಜ್ ಬಂತು. ಅಪ್ಪ ಅದನ್ನು ಮನೆಗೆ ನುಗ್ಗಿದ ಪೊಲೀಸಿನವನನ್ನು ನೋಡಿದಂತೆ ನೋಡಿದ. "ಕಂತು ಮುಗಿಯೋವರೆಗೂ ಅದು ಅಂಗಡಿಯವರದ್ದು. ಬೇರೆಯವರ ನೀರು ನಂಗೆ ಬೇಡ" ಎಂದು ಬಿರುಬಿಸಿಲಿನಲ್ಲೂ ಬಿಂದಿಗೆಯ ನೀರನ್ನೇ ಕುಡಿದ. ಆದರೂ ಮಗಳಿಗಾಗಿ ಒಂದು ಕೆಲಸ ಒಪ್ಪಿಕೊಂಡ. ಆ ಅಂಗಡಿ ಇದ್ದದ್ದು ಅವನ ಕೆಲಸದ ಶೆಡ್ಡಿನ ಪಕ್ಕದಲ್ಲೇ. ತಿಂಗಳು ತಿಂಗಳು ಅವಳು ಕೊಟ್ಟ ಕಂತಿನ ದುಡ್ಡನ್ನು ಅಲ್ಲಿ ಕಟ್ಟಿ ಬರುವುದು ಅವನ ಪಾಲಿಗೆ ಬಂತು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಮನೆಗೆ ಬಂದರೆ, ಅಪ್ಪ ಫ್ರಿಜ್ಜಿನ ಬಾಗಿಲು ತೆಗೆದು ನಿಂತು ಗಟಗಟ ತಣ್ಣೀರು ಕುಡಿಯುತ್ತಿದ್ದಾನೆ! ಅಂತೂ ಮುದುಕನ ಹಟ ಕರಗಿತಲ್ಲ ಎಂದು ಅವಳಿಗೆ ನಗು ಬಂತು. ಅದೇ ವಾರ ಶೆಡ್ಡಿಗೆ ಹೋದಾಗ ಅಲ್ಲಿ ಮರ ಹೆರೆಯುವ ಮಶೀನು ಕಾಣಲಿಲ್ಲ. ಕೇಳಿದರೆ, "ರಿಪೇರಿಗೆ ಕೊಟ್ಟಿದೀನಿ" ಎಂದ. ಕೈಯಲ್ಲೇ ಹೆರೆದು ಹೆರೆದು ಅವನ ಭುಜ ಹಿಡಿದುಕೊಂಡಿತ್ತು. ಅವಳು ಮುಲಾಮು ತಿಕ್ಕುತ್ತಾ, "ಕಾರು ಬರ್ಲಿ, ಮೊದ್ಲು ನಿನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ" ಎಂದಳು. ಅವನು ಒಳಗೊಳಗೇ ನಗುತ್ತಿದ್ದ.

ವರ್ಷದ ಕೊನೆ ಬಂತು. ಅವಳು ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಬ್ಯಾಂಕಿಗೆ ಹೋದಳು. ಟೈ ಹುಡುಗ ಮತ್ತೆ ತುಟಿ ಉಬ್ಬಿಸಿದ.

"ಮೂರು ಕಂತು ಕಟ್ಟಿ, ಉಳಿದಿದ್ದೆಲ್ಲ ಒಂದೇ ಸಲ ತೀರ್ಸಿಬಿಟ್ಟಿದೀರಲ್ಲ ಮೇಡಂ?"

"ನಾನಾ? ಇಲ್ವಲ್ಲ! ಹೋದ ತಿಂಗಳೂ ಕಟ್ಟಿದೀನಿ."

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಸಾಲ ಮುಗಿದು ಎಷ್ಟೋ ಕಾಲವಾಗಿತ್ತು. "ಮೂರು ತಿಂಗಳಿಂದ ಏನು ಗೊತ್ತಾಗತ್ತೆ? ಇನ್ನೊಂದು ಸಾಲ ಮಾಡಿ ಪೂರ್ತಿ ಒಂದು ವರ್ಷ ಕಂತು ಕಟ್ಟಿ, ಆಮೇಲೆ ಬನ್ನಿ." ಅಪ್ಪ ತಣ್ಣೀರು ಕುಡಿದದ್ದು ಏಕೆಂದು ಆಗ ತಿಳಿಯಿತು.

ಮನೆಯಲ್ಲಿ ಅಪ್ಪನ ಮುಖ ಮದುವೆಮನೆಯಂತಿತ್ತು. "ಗೊತ್ತಾಗೋಯ್ತಾ? ಕಾರು ಬಂದ ದಿನ ಹೇಳೋಣ ಅಂತಿದ್ದೆ. ಆ ಮಶೀನು ಮಾರಿ ನಿನ್ನ ತಲೆ ಮೇಲಿನ ಭಾರ ಇಳಿಸ್ಬಿಟ್ಟೆ. ಆಮೇಲೆ ನೀನು ಕೊಟ್ಟ ಕಂತೆಲ್ಲ ಇದ್ರಲ್ಲೇ ಇದೆ, ನಿನ್ನ ಪೆಟ್ರೋಲಿಗೆ" ಎಂದು ಒಂದು ಡಬ್ಬಿಯನ್ನು ಅವಳ ಕೈಗಿಟ್ಟ.

ಅವಳು ಡಬ್ಬಿಯನ್ನು ಗೋಡೆಗೆ ಎಸೆದಳು. ಬ್ಯಾಂಕಿನವನು ಹೇಳಿದ್ದನ್ನೆಲ್ಲ ಕೂಗಿ ಹೇಳಿದಳು. "ನಿನ್ನ ಮರ್ಯಾದೆ ಇಟ್ಕೊಂಡು ನಾನೇನು ನೆಕ್ಲಾ? ಸಾಲ ಇರೋ ಅಪ್ಪಂದಿರ ಮಕ್ಳೆಲ್ಲ ಕಾರಲ್ಲಿ ಓಡಾಡ್ತಾರೆ. ನನ್ನ ಬಾಯಿಗೆ ಮಣ್ಣು ಹಾಕ್ದೆ ನೀನು!" ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಹೋದಳು. ಶೆಡ್ಡಿನಲ್ಲಿರಲಿಲ್ಲ. ಪಕ್ಕದ ಅಂಗಡಿಯಲ್ಲಿ, ಫ್ರಿಜ್ಜುಗಳ ಸಾಲಿನ ನಡುವೆ ಅವನ ಬೆನ್ನು ಕಂಡಿತು.

"ನಾನು ಕಟ್ಟಿದ ದುಡ್ಡು ವಾಪಸ್ ಕೊಡಿ, ಸಾಲ ಮೊದಲಿನ ಹಾಗೇ ಮಾಡ್ಕೊಡಿ" ಎನ್ನುತ್ತಿದ್ದ.

ಅಂಗಡಿಯ ಹುಡುಗನಿಗೆ ನಗು ತಡೆಯಲಾಗಲಿಲ್ಲ. "ತೀರಿದ್ದು ತೀರ್ತು ಯಜಮಾನ್ರೇ."

"ಹಾಗಾದ್ರೆ ನನ್ನ ಹೆಸರಲ್ಲಿ ಹೊಸದು ಮಾಡಿ. ಮಗಳ ಪರವಾಗಿ ನಾನು ಸಾಲಗಾರ ಆಗ್ತೀನಿ. ಆ ಟಿವಿ ಕೊಡಿ."

ಹುಡುಗ ಏನೋ ಒತ್ತಿ ನೋಡಿ ತಲೆಯಾಡಿಸಿದ. "ಬರಲ್ಲ. ಮಗಳಿಗಾದ್ರೆ ಸಂಬಳದ ಚೀಟಿ ಇತ್ತು. ನಿಮ್ಮ ಹೆಸರಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ನಿಮ್ಮ ಈ ಕೌಂಟರ್ ಮಾಡಿದ್ದು ಯಾರು? ಈ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ."

"ಬೀದಿಯವರು ಹೇಳಿದ್ದು ಇದ್ರಲ್ಲಿ ಬರಲ್ಲ ಯಜಮಾನ್ರೇ."

ಅವಳು ಒಳಗೆ ಹೋಗಿ ಅವನನ್ನು ಹೊರಗೆ ಕರೆದುಕೊಂಡು ಬಂದಳು. ಮನೆ ಹತ್ತಿರ ಬಂದಾಗ ಅಪ್ಪ ನಿಂತ. "ಯಾರ ಹಂಗೂ ಇಲ್ದೆ ಬದುಕಿದೆ ಅಂದ್ಕೊಂಡಿದ್ದೆ. ಇವರ ಲೆಕ್ಕದಲ್ಲಿ ನಾನು ಬದುಕೇ ಇಲ್ವಂತೆ ಕಣೆ."

ಅವನ ಕೈ ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಹೊಟ್ಟೆಯೊಳಗಿನ ಸಿಟ್ಟು ಇನ್ನೂ ಆರಿರಲಿಲ್ಲ. ಅಪ್ಪನ ಮೇಲೆ ಕನಿಕರ ಬರದ ತನ್ನನ್ನು ಕಂಡು ತನಗೇ ಅಸಹ್ಯವಾಯಿತು. "ನಾನೂ ಇಲ್ಲಪ್ಪ, ನಡಿ" ಎಂದಳು.

ಮೇಡಂ ಮಾತಿಗೆ ತಪ್ಪಲಿಲ್ಲ. ವರ್ಷ ಮುಗಿದ ಮರುದಿನವೇ ರೂಟನ್ನು ಹೊಸದಾಗಿ ಸೇರಿದ ಒಬ್ಬ ಹುಡುಗನಿಗೆ ಕೊಟ್ಟರು. ಅವನಿಗೆ ಮಾವ ಕೊಡಿಸಿದ ಕಾರಿತ್ತು, ನರ ಹುಡುಕಲು ಬರುತ್ತಿರಲಿಲ್ಲ. "ಒಂದು ವಾರ ಜೊತೆಗೆ ಹೋಗಿ ಕಲಿಸಿಕೊಡೇ ಸೊಳ್ಳೆ" ಎಂದರು. ಅವಳು ಹಲ್ಲು ಕಚ್ಚಿಕೊಂಡು ಅವನ ಕಾರು ಹತ್ತಿದಳು. ಅರ್ಧಂಬರ್ಧ ಕಲಿಸಬೇಕು, ನಾಲ್ಕು ಮನೆಯವರು ಇವನನ್ನು ಬೈದು ಅಟ್ಟಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಮೊದಲ ಮನೆಯಲ್ಲಿ ಒಬ್ಬ ಅಜ್ಜಿ ತನ್ನ ಒಣಗಿದ ತೋಳನ್ನು ಹಾಸಿಗೆಯ ಮೇಲೆ ಚಾಚಿ, ಕಣ್ಣು ಮುಚ್ಚಿಕೊಂಡಳು. ಹುಡುಗ ನರವಿಲ್ಲದ ಕಡೆ ಸೂಜಿ ಹಿಡಿದ. ಅವನು ತಪ್ಪಿದರೆ ನೋವು ಯಾರಿಗೆ? ಅವಳು ಅವನ ಬೆರಳನ್ನು ಹಿಡಿದು ಸರಿಯಾದ ನರದ ಮೇಲಿಟ್ಟಳು. "ಇಲ್ಲಿ. ಒತ್ತಿ ನೋಡು, ಸಿಗ್ತಾ?" ಎಂದಳು. ಅವನು ಬೇಗನೇ ಕಲಿತ.