ಹಬ್ಬ ಸಾರಿದ ಮೇಲೆ ಒಗ್ಗರಣೆ

ಬೈರಮಂಗಲದ ಕಡೆ ಕಾರ್ಖಾನೆಗಳು ಏಳತೊಡಗಿದಾಗ ನಾನು ದನದ ಕೊಟ್ಟಿಗೆ ಕೆಡವಿ, ಬಾಡಿಗೆಗೆಂದು ಸಾಲಾಗಿ ರೂಮು ಕಟ್ಟಿಸಿದೆ. ಕೊನೆಯ ರೂಮಿಗೆ ಅಸ್ಸಾಮಿನ ಇಬ್ಬರು ಹುಡುಗರು ಬಂದರು. ಗಲಾಟೆಯಿಲ್ಲ, ತಕರಾರಿಲ್ಲ; ಬಾಡಿಗೆದಾರರೆಂದರೆ ಹಾಗಿರಬೇಕು. ನಮ್ಮೂರ ಹೈಕಳು ಅವರೊಂದಿಗೆ ಒಂದೇ ಶಿಫ್ಟಿನಲ್ಲಿ ದುಡಿಯುತ್ತಿದ್ದರೂ ಬೀದಿಯಲ್ಲಿ ಕಂಡರೆ "ಏ ಚೀನಾ" ಎನ್ನುವುದನ್ನು ಬಿಡಲಿಲ್ಲ. ಅದು ಕಾರ್ಖಾನೆಯಲ್ಲಿ ಕಲಿತ ಮಾತಲ್ಲ. ಅರಳಿಕಟ್ಟೆಯ ಹಿರಿಯರು ಎಲೆಯಡಿಕೆ ಉಗಿಯುತ್ತಾ, "ಅವ್ರ ಮೂತಿ ನೋಡ್ಲಾ, ಯಾವ ಕುಲ್ವೋ, ಏನ್ ತಿಂತಾರೋ" ಎನ್ನುತ್ತಿದ್ದರಲ್ಲ, ಅಲ್ಲೇ ಕಲಿತಿದ್ದು.

ನಮ್ಮಲ್ಲಿ ತಮಟೆ ಹೊಡೆದು ಮಾರಿಹಬ್ಬ ಸಾರಿದರೆಂದರೆ, ಹಬ್ಬ ಕಳೆಯುವ ತನಕ ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ; ಆ ಘಾಟಿಗೆ ಮಾರಿಯಮ್ಮ ಮುನಿಯುತ್ತಾಳೆಂಬ ನಂಬಿಕೆ. ಆ ವರ್ಷ ಸಾರಿದ ಮರುದಿನವೇ ಕೊನೆಯ ರೂಮಿನಿಂದ ಎಣ್ಣೆಯಲ್ಲಿ ಹುರಿದ ಮೆಣಸಿನಕಾಯಿಯ ಘಾಟು ಬೀದಿಗೆಲ್ಲ ಹರಡಿತು. ನಾನು ಓಡಿಬರುವಷ್ಟರಲ್ಲಿ ಹೈಕಳು ಅವರ ಸ್ಟೌ, ಹಾಸಿಗೆ ಎಲ್ಲವನ್ನೂ ಅಂಗಳಕ್ಕೆ ಎಸೆದಿದ್ದರು. ಮುಂದಾಳು ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮಗ!

"ಮಾವ, ಇವ್ರನ್ನ ಈಗ್ಲೇ ಖಾಲಿ ಮಾಡ್ಸು. ಅಮ್ಮ ಮುನುದ್ರೆ ಊರ್ಗೆ ಯಾರ್ ಗತಿ?"

"ಹಬ್ಬ ಸಾರವ್ರೆ ಅಂತ ಇವ್ರಿಗೆ ಯಾರ್ಲಾ ಹೇಳುದ್ರು?"

"ತಮಟೆ ಕೇಳಿಸ್ನಿಲ್ವಾ? ಕಿವುಡ್ರಾ?"

"ಕನ್ನಡದಲ್ಲಿ ಸಾರುದ್ರೆ ಇವ್ರಿಗೇನ್ಲಾ ಗೊತ್ತಾಯ್ತದೆ? ಬಯ್ಯೋಕೆ ಹಿಂದಿ ಬತ್ತದಲ್ಲ ನಿಂಗೆ, ಒಸಿ ಹೇಳೋಕೆ ಬರ್ನಿಲ್ವಾ?"

ಹಿಂದೆ ನಿಂತಿದ್ದವನೊಬ್ಬ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಊರ ಯಜಮಾನರು ಬಂದು, "ಬಾಡಿಗೆ ಆಸೆಗೆ ಊರ್ ಕಟ್ಟು ಮುರೀತೀಯೇನಯ್ಯಾ?" ಎಂದು ನನ್ನ ಮೇಲೇ ಎಗರಿದರು.

ದನದ ವ್ಯಾಪಾರದಲ್ಲಿ ನಾನು ಕಲಿತದ್ದಿಷ್ಟು: ಎದುರಿನವನು ಹಿಂದೆ ಒಪ್ಪಿದ ದರವನ್ನೇ ಅವನ ಮುಂದಿಡಬೇಕು. "ಯಜಮಾನ್ರೇ, ನಮ್ಮೋರೇ ಮರ್ತು ಒಗ್ಗರಣೆ ಹಾಕುದ್ರೆ ಏನ್ ಮಾಡ್ತೀರಿ? ಅಮ್ಮನ್ಗೆ ಕಾಯಿ ಒಡೆಸಿ ತಪ್ಪಾಯ್ತು ಅನ್ನಿಸ್ತೀರಿ. ಇವ್ರಿಗೂ ಅಷ್ಟೇ ಮಾಡಿ. ಮೂತಿ ಬ್ಯಾರೆ ಅಂತ ಬ್ಯಾರೆ ನ್ಯಾಯ ಐತಾ?"

ಅವರು ಒಪ್ಪುವಷ್ಟರಲ್ಲಿ ನನ್ನ ಗಂಟಲು ಹರಿದಿತ್ತು. ಹುಡುಗರು ಕಾಯಿ ಒಡೆದರು. ಸ್ಟೌವನ್ನು ನನ್ನ ಸೋದರಳಿಯನ ಕೈಯಲ್ಲೇ ಒಳಗಿಡಿಸಿದೆ. ಅವನು ಅವರ ಮುಖ ಕೂಡ ನೋಡದೆ ಹೊರಟ.

ಬಾಡಿಗೆಗೆ ಕೊಡುವವರಿಗೆ ನನ್ನ ಮಾತು: ಬೀಗದ ಕೈ ಕೊಡುವ ದಿನವೇ ಊರ ಕಟ್ಟಳೆಯನ್ನೂ ಹೇಳಿಬಿಡಿ. ಕಟ್ಟೆಯ ಮೇಲಿನ ಬಾಯಿಗಳಿಗೆ ಬುದ್ಧಿ ಹೇಳುವುದು ಹೇಗೆಂದು ಮಾತ್ರ ನನಗೂ ತಿಳಿಯದು.

ಹುಡುಗರು ರೂಮು ಬಿಡಲಿಲ್ಲ. ಆದರೆ ಹಬ್ಬ ಕಳೆದು, ಊರಿಗೂರೇ ಒಗ್ಗರಣೆ ಹಾಕುವಾಗಲೂ ಅವರು ಕಿಟಕಿ ಮುಚ್ಚಿಯೇ ಒಲೆ ಹಚ್ಚುತ್ತಿದ್ದರು. ಘಾಟಿಗೆ ಒಳಗೆ ಕೆಮ್ಮುವುದು ಆಚೆಗೆ ಕೇಳಿಸುತ್ತಿತ್ತು. ತೆಗೆಯಿರಪ್ಪಾ, ಇನ್ನು ಯಾರೂ ಏನೂ ಅನ್ನುವುದಿಲ್ಲ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿ ಹೇಳಿ ಸಾಕಾಯಿತು. "ಠೀಕ್ ಹೈ ಅಂಕಲ್" ಎನ್ನುತ್ತಿದ್ದರು, ತೆಗೆಯುತ್ತಿರಲಿಲ್ಲ.